ಚಿಕ್ಕಪ್ಪನ ಕ್ಯಾಸೆಟ್ಟು, ನಮ್ಮ ಅಲ್ಯುಮಿನಿಯಂ ಡಬ್ಬಿ



ಉದ್ದದ ಪೋಸ್ಟ್ ಇದು. ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ವಾರ ಒಂದು ಅಲ್ಯುಮಿನಿಯಂ ಡಬ್ಬಿಯ ಫೋಟೋ ಹಾಕಿದ್ದೆ. ಮುಂದೆ ಒಂದು ತಿರುಗಣೆ, ಎರಡು ಸ್ವಿಚ್ಚು, ಹಿಂದೆ ಸಾಲಾಗಿ ತೂತುಗಳು. ತುಂಬಾ ಜನ ಕೇಳಿದ್ರಿ. ಒಬ್ಬರು "ಅಣ್ಣ, ಟೈಂ ಬಾಂಬಾ?" ಅಂದ್ರು. ಈ ಕಾಲದಲ್ಲಿ ನಮ್ಮಂಥವರ ಗೋಡೆ ಮೇಲೆ ಅಂಥ ತಮಾಷೆ ಬೇಡ ಮಾರಾಯ. ಅದು ಬಾಂಬಲ್ಲ. ಎಲ್ಲಿಂದ ಬರುವ ಸದ್ದನ್ನ ಕೇಳಬೇಕು, ಯಾವ ಸ್ಪೀಕರಲ್ಲಿ ಕೇಳಬೇಕು ಅಂತ ಆರಿಸೋ ಡಬ್ಬಿ. ಸ್ಟುಡಿಯೋದವರು ಮಾನಿಟರ್ ಸ್ವಿಚರ್ ಅಂತಾರೆ. ನಮಗೆ ಅದು ಯಾಕೆ ಬೇಕಾಯ್ತು ಅನ್ನೋದೇ ಈ ಕತೆ.

ನಮ್ಮ ಚಿಕ್ಕಪ್ಪ ತೀರಿಕೊಂಡು ಎರಡು ವರ್ಷ ಆಯ್ತು. ಕೋಲಾರ ಸೀಮೆಯಲ್ಲಿ ಎಂಬತ್ತರ ದಶಕದ ಜಾಥಾಗಳಲ್ಲಿ ನಡೆದವರಿಗೆ ಅವರ ದನಿ ನೆನಪಿರಬಹುದು. ದಲಿತ ಸಂಘರ್ಷ ಸಮಿತಿ ಹುಡುಗರ ಜೊತೆ ಊರೂರು ಸುತ್ತಿ ಹಾಡಿದ ಮನುಷ್ಯ. ಹಾಡು ಶುರುವಾಗುವ ಮುಂಚೆ ಒಣ ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಸೋರು. ಚರ್ಮ ಬಿಗಿಯಾಗಿ "ಣಣ್" ಅನ್ನೋವರೆಗೂ ಬಾಯಿ ತೆರೀತಿರಲಿಲ್ಲ. ಅದೇ ಚಿಕ್ಕಪ್ಪ ಊರ ದೊಡ್ಡವರ ಹೆಣದ ಮುಂದೆ ತಮಟೆ ಬಡಿಯೋದನ್ನ ನಿಲ್ಲಿಸಿದವರೂ ಹೌದು. ಒಂದು ಕ್ವಾರ್ಟರು, ಎರಡು ಸೇರು ರಾಗಿಗೆ ಬಡಿಯಲ್ಲ ಅಂದ್ರು. ಊರಲ್ಲಿ ಅದಕ್ಕೆ ಏನೇನಾಯ್ತು ಅನ್ನೋದು ಬೇರೆ ಪೋಸ್ಟು.

ಚಿಕ್ಕಪ್ಪ ಹೋದ ಮೇಲೆ ಚಿಕ್ಕಮ್ಮ ಒಂದು ಟ್ರಂಕು ತೆಗೆದು ಮುಂದಿಟ್ರು. ಒಳಗೆ 23 ಕ್ಯಾಸೆಟ್ಟು. ಜಾಥಾ, ರಾತ್ರಿ ಸಭೆ, ಕೇರಿಯ ಅಂಬೇಡ್ಕರ್ ಜಯಂತಿ. ಎಲ್ಲಾ ಟೂ ಇನ್ ಒನ್‌ನಲ್ಲಿ ರೆಕಾರ್ಡ್ ಮಾಡಿದ್ದು. ಕೆಲವದರ ಮೇಲೆ ಸಿನಿಮಾ ಹಾಡಿನ ಚೀಟಿ ಹಾಗೇ ಇದೆ. ಹೊಸ ಕ್ಯಾಸೆಟ್ಟಿಗೆ ಕಾಸಿಲ್ಲದೆ ಹಳೇದರ ಮೇಲೇ ಹಾಡಿದ್ದಾರೆ. ಚಿಕ್ಕಮ್ಮ ಹೇಳಿದ್ದು ಇಷ್ಟೇ: "ನೆನಪಿನ ಸಭೆ ದಿನ ಒಂದ್ಸಲ ಅವರ ದನಿ ಕೇಳಿಸಪ್ಪ."

ಎಷ್ಟು ಸುಲಭ ಅಂದ್ಕೊಂಡೆ. ಪಟ್ಟಣದ ಒಂದು ಸ್ಟುಡಿಯೋಗೆ ಹೋದೆ. ಹೆಸರು ಬೇಡ. ಜೊತೆಗೆ ಬಂದ ಹುಡುಗರು ತಮಟೆ ತಂದಿದ್ರು, ಹೊಸದಾಗಿ ಒಂದು ಹಾಡೂ ರೆಕಾರ್ಡ್ ಮಾಡ್ಸೋಣ ಅಂತ. "ಅದನ್ನ ಒಳಗೆ ತರಬೇಡಿ, ಹೊರಗಡೆ ಇಡಿ" ಅಂದ್ರು. ಚಪ್ಪಲಿ ಸ್ಟ್ಯಾಂಡ್ ಪಕ್ಕ ಇಟ್ಟು ಒಳಗೆ ಹೋದ್ವಿ. ಆ ಮಾತನ್ನ ನಾವೆಲ್ಲ ಹುಟ್ಟಿದಾಗಿಂದ ಕೇಳಿದ್ದೀವಿ, ಹಾಗಾಗಿ ಹುಡುಗರು ಮುಖ ಮುಖ ನೋಡ್ಕೊಂಡ್ರು. ನಾನು ಸುಮ್ಮನಿದ್ದೆ. ಕೆಲಸ ಆಗಬೇಕಿತ್ತು. ಇದನ್ನ ಹೆಮ್ಮೆಯಿಂದ ಹೇಳ್ತಿಲ್ಲ.

ಮೂರು ದಿನ ಬಿಟ್ಟು ಒಂದು ಕ್ಯಾಸೆಟ್ಟಿನ ಹಾಡುಗಳನ್ನ ಪೆನ್‌ಡ್ರೈವ್‌ನಲ್ಲಿ ಕೊಟ್ರು. "ಗಲಾಟೆ ಎಲ್ಲಾ ತೆಗೆದಿದ್ದೀನಿ, ವಾಯ್ಸ್ ಕ್ಲೀನ್ ಇದೆ" ಅಂದ್ರು. ಮನೆಗೆ ಬಂದು ಹಾಕಿದೆ. ಚಿಕ್ಕಪ್ಪನ ದನಿ ಇತ್ತು. ಹಿಂದೆ ಯಾರೋ ದೂರದಲ್ಲಿ ರಟ್ಟಿನ ಪೆಟ್ಟಿಗೆ ಬಡಿದ ಹಾಗೆ ಒಂದು ಸದ್ದು. ತಮಟೆಯ ಮೇಲಿನ ಚುರುಕೂ ಇಲ್ಲ, ಕೆಳಗಿನ ಗುಂಡಿಗೆಯೂ ಇಲ್ಲ. ಹಾಡಿನ ನಡುವೆ ಜನ ಮಾತಾಡಿದ್ದು, ಕೂಗಿದ್ದು, ನಕ್ಕಿದ್ದು ಎಲ್ಲಾ ಮಾಯ. ಚಿಕ್ಕಮ್ಮ ಒಂದು ಹಾಡು ಕೇಳಿ ಅಂದ್ರು, "ಅವರದೇ ದನಿ ಕಣಪ್ಪ. ಆದ್ರೆ ಎಲ್ಲಿ ಹಾಡ್ತಾವ್ರೆ? ಬಾವಿ ಒಳಗಾ?"

ಅವರ ಕಿವಿಗೆ ಗೊತ್ತಾಗಿತ್ತು. ನಮ್ಮ ಕೇರಿಯನ್ನೇ ಅಳಿಸಿ ಹಾಡನ್ನ ಮಾತ್ರ ಕೊಟ್ಟಿದ್ರು.

ಆ ಸ್ಟುಡಿಯೋದಲ್ಲಿ ನಾನು ಗಮನಿಸಿದ್ದು ಒಂದೇ. ಆ ಮನುಷ್ಯನ ಕೈಯತ್ರ ಒಂದು ಸಣ್ಣ ಪೆಟ್ಟಿಗೆ. ಒಂದು ಗುಂಡಿ ಒತ್ತಿದರೆ ದೊಡ್ಡ ಸ್ಪೀಕರು, ಇನ್ನೊಂದು ಒತ್ತಿದರೆ ಚಿಕ್ಕದು. ಒಂದು ತಿರುಗಣೆಯಲ್ಲಿ ಮೂಲ ಕ್ಯಾಸೆಟ್ಟು, ಮರು ತಿರುವಿನಲ್ಲಿ ಕಂಪ್ಯೂಟರು. ಮೂಲ ಮತ್ತು ನಕಲು ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳೋ ಅನುಕೂಲ ಅವರಿಗಿತ್ತು. ಅದು ಇದ್ದೂ ತಮಟೆ ಹೋಗಿದ್ದು ಅವರಿಗೆ ಕೇಳಿಸಲಿಲ್ಲ. ಅಥವಾ ಕೇಳಿಸಿತು, ಅದು ನಷ್ಟ ಅಂತ ಅನ್ನಿಸಲಿಲ್ಲ. ನಮಗೆ ಅನ್ನಿಸುತ್ತೆ. ಹಾಗಾದ್ರೆ ಆ ಪೆಟ್ಟಿಗೆ ನಮ್ಮ ಕೈಯಲ್ಲಿರಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಅಂಬೇಡ್ಕರ್ ಭವನದ ಹಿಂದಿನ ರೂಮು ಖಾಲಿ ಇತ್ತು. ಗೆಳೆಯರೊಬ್ಬರು ಹಳೇ ಕ್ಯಾಸೆಟ್ ಡೆಕ್ ಕೊಟ್ರು, ರಬ್ಬರ್ ಬೆಲ್ಟ್ ಬದಲಾಯಿಸಿದ್ವಿ. ಚಂದಾ ಎತ್ತಿ ಒಂದು ಜೊತೆ ಮಾನಿಟರ್ ಸ್ಪೀಕರು, ಲ್ಯಾಪ್‌ಟಾಪಿಗೆ ಒಂದು ಯುಎಸ್‌ಬಿ ಇಂಟರ್‌ಫೇಸು ತಗೊಂಡ್ವಿ. ಜೊತೆಗೆ ಬೇಕಂತಲೇ ಒಂದು ಚಿಕ್ಕ ಅಗ್ಗದ ಸ್ಪೀಕರು. ಯಾಕೆ ಅಂತ ಹುಡುಗರು ಕೇಳಿದ್ರು. ನಮ್ಮ ಹಾಡು ಕೇಳೋರು ಯಾರು? ಮೊಬೈಲಲ್ಲಿ, ಆಟೋದಲ್ಲಿ, ಸಭೆಯ ಹಾರ್ನ್ ಸ್ಪೀಕರಲ್ಲಿ ಕೇಳೋ ಜನ. ಒಳ್ಳೇ ಸ್ಪೀಕರಲ್ಲಿ ಮಾತ್ರ ಚೆನ್ನಾಗಿದ್ರೆ ಅದು ನಮ್ಮ ಜನಕ್ಕೆ ತಲುಪಲ್ಲ. ಇದೇನು ನನ್ನ ಹೊಸ ಶೋಧನೆ ಅಲ್ಲ. ದೊಡ್ಡ ದೊಡ್ಡ ಸ್ಟುಡಿಯೋಗಳಲ್ಲೂ ಆರೊಟೋನ್ ಅನ್ನೋ ಒಂದೇ ಕೋನಿನ ಚೌಕ ಪೆಟ್ಟಿಗೆ ಇಟ್ಕೊಂಡಿರ್ತಿದ್ರು, ಸಾಮಾನ್ಯ ಜನರ ರೇಡಿಯೋದಲ್ಲಿ ಹಾಡು ಹೇಗೆ ಕೇಳುತ್ತೆ ಅಂತ ನೋಡೋಕೆ. ಬಡವರ ಸ್ಪೀಕರಲ್ಲಿ ಕೇಳದೆ ಹಾಡು ಮುಗಿಯಲ್ಲ ಅನ್ನೋದು ಅವರಿಗೂ ಗೊತ್ತಿತ್ತು.

ಡಬ್ಬಿ ಇಲ್ಲದೆ ಶುರು ಮಾಡಿದ್ವಿ. ವೈರು ಕೀಳೋದು, ಇನ್ನೊಂದು ಸಿಗಿಸೋದು. ಎರಡನೇ ದಿನ ಸ್ಪೀಕರು ಆನ್ ಇರುವಾಗಲೇ ನಾನು ಪಿನ್ ಎಳೆದೆ. "ಧಡ್" ಅಂತ ಒಂದು ಸದ್ದು, ಎಡಗಡೆ ಸ್ಪೀಕರಿನ ಟ್ವೀಟರ್ ಸತ್ತೇ ಹೋಯ್ತು. ಚಂದಾ ದುಡ್ಡು ಗೆಳೆಯರೇ. ಹತ್ತು, ಇಪ್ಪತ್ತು ಕೊಟ್ಟ ಕೂಲಿಯವರ ದುಡ್ಡು. ರಿಪೇರಿ ಖರ್ಚು ನನ್ನ ಜೇಬಿಂದ ಹಾಕಿದೆ. ಆಮೇಲೆ ಯಾರೋ ಹೇಳಿದ್ರು ಅಂತ ವೈ ಆಕಾರದ ವೈರು ತಂದು ಡೆಕ್ಕನ್ನೂ ಲ್ಯಾಪ್‌ಟಾಪನ್ನೂ ಒಟ್ಟಿಗೆ ಸೇರಿಸಿ ಸ್ಪೀಕರಿಗೆ ಕೊಟ್ಟೆ. ಎರಡೂ ಮಂಕಾದವು, ಕರಕರ ಬೇರೆ.

ಆಗ ನಮ್ಮ ಕೇರಿಯ ಹುಡುಗಿ ಒಬ್ಬಳು ಬಂದಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಕೊನೇ ವರ್ಷ. ನೋಡಿ ತಲೆ ಚಚ್ಕೊಂಡಳು. "ಮಾವ, ಒಂದು ಔಟ್‌ಪುಟ್ಟನ್ನ ಎರಡು ಇನ್‌ಪುಟ್ಟಿಗೆ ಹಂಚಬಹುದು. ಎರಡು ಔಟ್‌ಪುಟ್ಟನ್ನ ಒಂದಕ್ಕೊಂದು ಕಟ್ಟಬಾರದು. ಒಂದು ಇನ್ನೊಂದನ್ನ ತುಳಿಯುತ್ತೆ" ಅಂದಳು. ಇಷ್ಟು ವರ್ಷ ಸಂಘಟನೆ ಮಾಡಿದೋನಿಗೆ ಈ ಪಾಠ ಬೇಗ ಅರ್ಥ ಆಯ್ತು.

ಮೊದಲು ಕೊಳ್ಳೋದನ್ನೇ ಯೋಚಿಸಿದ್ವಿ. ರೆಡಿಮೇಡ್ ಡಬ್ಬಿಗಳು ಸಿಗ್ತವೆ. ಮ್ಯಾಕಿ ಕಂಪನಿಯ ಬಿಗ್ ನಾಬ್ ಪ್ಯಾಸಿವ್ ಥರದ್ದು ಚೆನ್ನಾಗಿದೆ, ಎರಡು ಮೂಲ, ಎರಡು ಜೊತೆ ಸ್ಪೀಕರು, ಮೇಲೆ ದೊಡ್ಡ ವಾಲ್ಯೂಮ್ ತಿರುಗಣೆ. ಆದ್ರೆ ನಮಗೆ ಮೂಲ ಮೂರು: ಡೆಕ್ಕು, ಲ್ಯಾಪ್‌ಟಾಪು, ಮೊಬೈಲು. ಬೆಲೆ ಹಲವು ಸಾವಿರ. ಟ್ವೀಟರ್ ಸುಟ್ಟ ಮೇಲೆ ಮತ್ತೆ ಚಂದಾ ಕೇಳೋ ಮುಖ ನನಗಿರಲಿಲ್ಲ. "ಕಟ್ಟೋಣ ಮಾವ, ಒಳಗೆ ಇರೋದು ಬರೀ ಸ್ವಿಚ್ಚು, ಕರೆಂಟೇ ಬೇಡ" ಅಂದಳು.

ಕರೆಂಟ್ ಬೇಡದ ಡಬ್ಬಿಗೆ ಪ್ಯಾಸಿವ್ ಅಂತಾರೆ. ಸದ್ದನ್ನ ಹೆಚ್ಚು ಮಾಡಲ್ಲ, ತನ್ನದೇ ಗುಂಯ್ ಸೇರಿಸಲ್ಲ. ಬಂದದ್ದನ್ನ ಬಂದ ಹಾಗೇ ಕಳಿಸುತ್ತೆ. ಒಂದೇ ಷರತ್ತು, ವೈರು ಗಿಡ್ಡ ಇರಬೇಕು.

ಇಬ್ಬರೂ ಬಸ್ಸಲ್ಲಿ ಬೆಂಗಳೂರಿಗೆ ಹೋಗಿ ಎಸ್.ಪಿ. ರೋಡಲ್ಲಿ ಸಾಮಾನು ತಂದ್ವಿ. ಕಟ್ಟಬೇಕು ಅನ್ನೋರಿಗೆ ಉಪಯೋಗ ಆಗಲಿ ಅಂತ ವಿವರವಾಗಿ ಬರೀತೀನಿ.

ಮೂಲ ಆರಿಸೋಕೆ ಒಂದು ರೋಟರಿ ಸ್ವಿಚ್ಚು, ನಾಲ್ಕು ಪೋಲ್, ಮೂರು ವೇ. ಎಡ ಬಲ ಎರಡಕ್ಕೆ ಎರಡು ಪೋಲ್ ಸಾಕು, ಇನ್ನೆರಡು ಖಾಲಿ ಬಿಟ್ಟಿದ್ದೀವಿ. ಮುಂದೆ ಬ್ಯಾಲೆನ್ಸ್ಡ್ ವೈರಿಂಗ್ ಮಾಡೋದಾದ್ರೆ ನಾಲ್ಕೂ ಬೇಕಾಗುತ್ತೆ. ಅಂಗಡಿಯಲ್ಲಿ ಕೇಳುವಾಗ ನಾನ್ ಶಾರ್ಟಿಂಗ್ ಅಂತ ಒತ್ತಿ ಕೇಳಿ. ಅಂದ್ರೆ ಹಳೇ ಕೈ ಬಿಟ್ಟ ಮೇಲೇ ಹೊಸ ಕೈ ಹಿಡಿಯೋ ಸ್ವಿಚ್ಚು. ಇನ್ನೊಂದು ಥರದ್ದು ತಿರುಗುವಾಗ ಒಂದು ಕ್ಷಣ ಎರಡು ಮೂಲಗಳನ್ನ ಒಟ್ಟಿಗೆ ಹಿಡಿಯುತ್ತೆ, ನನ್ನ ವೈ ವೈರಿನ ಕತೆಯೇ ಮತ್ತೆ.

ಸ್ಪೀಕರು ಆರಿಸೋಕೆ ಒಂದು ಡಿಪಿಡಿಟಿ ಟಾಗಲ್, ಆನ್ ಆಫ್ ಆನ್. ಮೇಲಕ್ಕೆ ದೊಡ್ಡದು, ಕೆಳಕ್ಕೆ ಚಿಕ್ಕದು, ನಡುವೆ ನಿಂತರೆ ಮೌನ. ಇದು ಒಳಗೇ ಆಂಪ್ಲಿಫೈಯರ್ ಇರೋ ಸ್ಪೀಕರುಗಳಿಗೆ ಮಾತ್ರ. ಹೊರಗಿನ ಆಂಪ್ಲಿಫೈಯರಿಂದ ಸ್ಪೀಕರಿಗೆ ಹೋಗೋ ದಪ್ಪ ವೈರನ್ನ ದಯವಿಟ್ಟು ಇಂಥ ಡಬ್ಬಿಗೆ ಕೊಡಬೇಡಿ, ಆಂಪ್ಲಿಫೈಯರ್ ಸುಟ್ಟೀತು.

ಪ್ರತಿ ಇನ್‌ಪುಟ್ಟಿಗೂ ಸಿಗ್ನಲ್‌ನಿಂದ ಗ್ರೌಂಡಿಗೆ ಒಂದು ಲಕ್ಷ ಓಮ್ ರೆಸಿಸ್ಟರ್. ಸ್ವಿಚ್ ತಿರುಗಿಸುವಾಗ ಬರುವ "ಟಪ್" ಇದರಿಂದ ಕಡಿಮೆ ಆಗುತ್ತೆ. ಒಂದೊಂದು ರೂಪಾಯಿಯ ಸಾಮಾನು. ಟ್ವೀಟರ್ ಸುಡುವ ಮುಂಚೆ ನನಗಿದು ಗೊತ್ತಿರಬೇಕಿತ್ತು.

ಇನ್ನೊಂದು ಸ್ವಿಚ್ಚು ಮೋನೊ. ಎಡ ಬಲ ಎರಡನ್ನೂ ಬೆರೆಸಿ ಒಂದೇ ದನಿ ಮಾಡುತ್ತೆ. ಎರಡನ್ನೂ ನೇರ ಕಟ್ಟಬಾರದು, ಎಡಕ್ಕೊಂದು ಬಲಕ್ಕೊಂದು 4.7 ಕಿಲೋ ಓಮ್ ರೆಸಿಸ್ಟರ್ ಹಾಕಿ, ಅದರ ಆಚೆ ಕಡೆ ಸೇರಿಸಬೇಕು. ಈ ಸ್ವಿಚ್ಚು ಯಾಕೆ ಮುಖ್ಯ ಅಂತ ಮುಂದೆ ಹೇಳ್ತೀನಿ.

ವಾಲ್ಯೂಮ್ ಹಾಕಲಿಲ್ಲ. ಅಗ್ಗದ ಜೋಡಿ ವಾಲ್ಯೂಮಿನಲ್ಲಿ ಎಡ ಬಲ ಒಂದೇ ಸಮ ಇಳಿಯಲ್ಲ. ಮೆಲ್ಲಗೆ ಇಟ್ಟಾಗ ಹಾಡೋರು ಒಂದು ಪಕ್ಕಕ್ಕೆ ಜಾರಿಬಿಡ್ತಾರೆ. ಸ್ಪೀಕರ ಹಿಂದೆ ಇರೋ ತಿರುಗಣೆಯೇ ಸಾಕು.

ಡಬ್ಬಿ ಲೋಹದ್ದೇ ಆಗಬೇಕು, ಹೊರಗಿನ ಗುಂಯ್ ತಡೆಯೋಕೆ. ಇದು ಅಪ್ಪನ ಊಟದ ಡಬ್ಬಿ ಅಂತ ಹೇಳಿದ್ರೆ ಪೋಸ್ಟಿಗೆ ಲೈಕ್ ಜಾಸ್ತಿ ಬೀಳ್ತಿತ್ತೇನೋ. ಅಲ್ಲ, ಪಾತ್ರೆ ಅಂಗಡಿಯಲ್ಲಿ ತಂದದ್ದು. ಅಲ್ಯುಮಿನಿಯಂ ಮೆತ್ತಗೆ, ಕೈ ಡ್ರಿಲ್ಲಲ್ಲೇ ತೂತು ಬೀಳುತ್ತೆ. ಗ್ರೌಂಡ್ ವೈರು ಕೂರುವ ಜಾಗವನ್ನ ಮರಳು ಕಾಗದದಲ್ಲಿ ಉಜ್ಜಿ ಹೊಳಪು ಬರಿಸಬೇಕು, ಇಲ್ಲಾಂದ್ರೆ ಸರಿಯಾಗಿ ಕಚ್ಚಲ್ಲ. ಬಸ್ ಚಾರ್ಜ್ ಬಿಟ್ಟು ಒಟ್ಟು 1,140 ರೂಪಾಯಿ. ಲೆಕ್ಕ ಭವನದ ಗೋಡೆ ಮೇಲೆ ಅಂಟಿಸಿದೆ.

ಸೋಲ್ಡರ್ ಎಲ್ಲಾ ಅವಳದ್ದೇ. ಕಾಲೇಜಿನ ಲ್ಯಾಬಲ್ಲಿ ಐರನ್ ಹುಡುಗರ ಕೈಯಲ್ಲೇ ಇರುತ್ತಂತೆ, ಹುಡುಗಿಯರು ರೆಕಾರ್ಡ್ ಬರೀಬೇಕಂತೆ. "ಮೂರು ವರ್ಷದಲ್ಲಿ ಕಲಿಯದೇ ಇದ್ದದ್ದು ಈ ಒಂದು ಡಬ್ಬಿಯಲ್ಲಿ ಕಲಿತೆ ಮಾವ" ಅಂದಳು. ನನ್ನ ಕೆಲಸ ಮೊಬೈಲ್ ಟಾರ್ಚ್ ಹಿಡಿಯೋದು, ಟೀ ತರೋದು.

ಮೊದಲ ಸಲ ಹಾಕಿದಾಗ ಗುಂಯ್ ಅಂತ ಹಮ್. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ನಿಂತುಹೋಗ್ತಿತ್ತು. ಗ್ರೌಂಡ್ ಲೂಪ್. ಒಬ್ಬರು ಎಲೆಕ್ಟ್ರಿಷಿಯನ್ "ಪ್ಲಗ್ಗಿನ ಅರ್ಥ್ ಪಿನ್ ಕಟ್ ಮಾಡಿ" ಅಂದ್ರು. ಗೆಳೆಯರೇ, ಯಾರು ಹೇಳಿದ್ರೂ ಅದನ್ನ ಮಾಡಬೇಡಿ. ಆ ಪಿನ್ ಇರೋದು ಜೀವ ಉಳಿಸೋಕೆ. ಎಲ್ಲಾ ಪ್ಲಗ್ಗುಗಳನ್ನ ಒಂದೇ ಬೋರ್ಡಿಗೆ ತಂದ್ವಿ, ಮುಕ್ಕಾಲು ಹಮ್ ಹೋಯ್ತು. ಉಳಿದದ್ದಕ್ಕೆ ರೆಕಾರ್ಡ್ ಮಾಡುವಾಗ ಲ್ಯಾಪ್‌ಟಾಪನ್ನ ಬ್ಯಾಟರಿಯಲ್ಲೇ ಓಡಿಸ್ತೀವಿ.

ಈಗ ಮೋನೊ ವಿಷಯ.

ಸ್ಟುಡಿಯೋದವರು ಮಾಡಿಕೊಟ್ಟಿದ್ದ ಅದೇ ಕ್ಯಾಸೆಟ್ಟನ್ನ ಡೆಕ್ಕಿಗೆ ಹಾಕಿದ್ವಿ. 1988ರ ಒಂದು ರಾತ್ರಿ ಸಭೆ. ದನಿ ಇದೆ, ಆದ್ರೆ ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ. ಮೋನೊ ಒತ್ತಿದರೆ ಇನ್ನೂ ಮಂಕು. "ಅಂದ್ರೆ ಹೆಡ್ ಓರೆ ಇದೆ" ಅಂದಳು. ಚಿಕ್ಕಪ್ಪನ ಟೂ ಇನ್ ಒನ್‌ನ ಹೆಡ್ ಸ್ವಲ್ಪ ಓರೆಯಾಗಿ ಕೂತಿತ್ತು, ರೆಕಾರ್ಡೂ ಹಾಗೇ ಓರೆಯಾಗಿ ಆಗಿದೆ. ನಮ್ಮ ಡೆಕ್ಕಿನ ಹೆಡ್ ನೆಟ್ಟಗಿದೆ. ಹಾಗಾಗಿ ಎಡ ಬಲ ಒಂದಕ್ಕೊಂದು ಕೂದಲೆಳೆಯಷ್ಟು ಹಿಂದು ಮುಂದು. ಬೆರೆಸಿದಾಗ ಮೇಲಿನ ಸ್ವರಗಳು ಒಂದನ್ನೊಂದು ತಿಂದು ಹಾಕ್ತವೆ. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರೋ ಒಂದು ಸಣ್ಣ ಸ್ಕ್ರೂ ಇರುತ್ತೆ. ಅದು ಮೊದಲು ಇದ್ದ ಜಾಗಕ್ಕೆ ಗುರುತು ಹಾಕ್ಕೊಂಡು, ಮೋನೊದಲ್ಲಿ ಕೇಳ್ತಾ, ಗೋಧಿ ಕಾಳಿನಷ್ಟು ತಿರುಗಿಸಬೇಕು. ಸದ್ದು ಎಲ್ಲಿ ಅತಿ ಚುರುಕೋ ಅಲ್ಲಿ ನಿಲ್ಲಿಸಬೇಕು.

ನಮ್ಮ ಡೆಕ್ಕು ಓರೆಯಾಗಬೇಕಿತ್ತು, ಕ್ಯಾಸೆಟ್ಟಿನಲ್ಲಿ ತಪ್ಪಿರಲಿಲ್ಲ.

ತಿರುಗಿಸಿದಳು. ಒಂದು ಕ್ಷಣ ಇನ್ನೂ ಮಂಕಾಯ್ತು. ಆಮೇಲೆ ಮೆಲ್ಲಗೆ ಕಂಬಳಿ ಸರಿದ ಹಾಗೆ ತೆರೆದುಕೊಳ್ತು. ತಮಟೆ ಬಂತು ಗೆಳೆಯರೇ. ರಟ್ಟಿನ ಪೆಟ್ಟಿಗೆ ಅಲ್ಲ, ಕಾಸಿದ ಚರ್ಮದ ಮೇಲೆ ಕಡ್ಡಿ ಬಿದ್ದ ಸದ್ದು. ಅದರ ಹಿಂದೆ ನಾಯಿ ಬೊಗಳಿದ್ದು, ಮಗು ಅತ್ತಿದ್ದು, ಯಾರೋ ಬೀಡಿಗೆ ಕೆಮ್ಮಿದ್ದು. ಇಡೀ ಕೇರಿ.

ಚಿಕ್ಕಮ್ಮನ್ನ ಕರೆಸಿದ್ವಿ. ಚಿಕ್ಕ ಸ್ಪೀಕರಿಗೆ ಹಾಕಿ ಕೇಳಿಸಿದೆ, ಅವರಿಗೆ ರೇಡಿಯೋ ಥರ ಇದ್ರೇ ಆರಾಮ. ಮೊದಲ ಹಾಡು ಮುಗೀತು. ಸ್ಟುಡಿಯೋದವರು "ಗಲಾಟೆ" ಅಂತ ಕತ್ತರಿಸಿದ ಜಾಗ ಅದು. ಚಿಕ್ಕಪ್ಪ ಕೆಮ್ಮಿದ್ರು. ಆಮೇಲೆ ಕೂಗಿದ್ರು: "ಏಯ್, ಇದು ತಣ್ಣಗಾಯ್ತು, ಇನ್ನೊಂಚೂರು ಕಾಸ್ಕೊಂಡ್ ಬಾರೋ."

ಒಂದು ಚಿಕ್ಕ ಹುಡುಗನ ದನಿ: "ನಾನ್ ಮುಟ್ಟಲ್ಲ. ಸ್ಕೂಲಲ್ಲಿ ಆಡ್ಕೋತಾರೆ."

ಜನ ನಕ್ಕರು. ಚಿಕ್ಕಪ್ಪ ನಗಲಿಲ್ಲ. ಒಂದೆರಡು ಕ್ಷಣ ಬಿಟ್ಟು, "ಆಯ್ತು ಬಿಡಪ್ಪ, ನಾನೇ ಕಾಸ್ತೀನಿ" ಅಂದ್ರು. ಕಾಲ ಸದ್ದು. ಅಷ್ಟೇ.

ಚಿಕ್ಕಮ್ಮ ನನ್ನ ಕಡೆ ನೋಡಿದ್ರು. "ಇದು ನೀನೇ ಕಣೋ."

ನಾನೇ. ಹತ್ತು ವರ್ಷ ನನಗಾಗ. ನನಗೆ ಆ ರಾತ್ರಿ ನೆನಪೇ ಇರಲಿಲ್ಲ. ಊರ ಹೆಣಕ್ಕೆ ತಮಟೆ ಬಡಿಯಲ್ಲ ಅಂದ ಮನುಷ್ಯ ಅದೇ ತಮಟೆಯನ್ನ ನಮ್ಮ ಸಭೆಗೆ ತಂದು ಹಾಡಿದ್ರು. ಆ ಎರಡು ತಮಟೆಗೂ ಇರೋ ವ್ಯತ್ಯಾಸ ನನಗೆ ತಿಳಿಯೋಕೆ ಇನ್ನೂ ಹದಿನೈದು ವರ್ಷ ಬೇಕಾಯ್ತು. ಸ್ಟುಡಿಯೋದಲ್ಲಿ ಹುಡುಗರ ತಮಟೆಯನ್ನ ಚಪ್ಪಲಿ ಪಕ್ಕ ಇಡಿಸಿದಾಗ ನಾನು ಸುಮ್ಮನಿದ್ದೆನಲ್ಲ, ಅದಕ್ಕೆ "ಕೆಲಸ ಆಗಬೇಕಿತ್ತು" ಅನ್ನೋದಷ್ಟೇ ಕಾರಣ ಆಗಿರಲಿಲ್ಲ. ಆ ಹತ್ತು ವರ್ಷದ ಹುಡುಗ ಇನ್ನೂ ಒಳಗಿದ್ದ. ನಾವು ತಮಟೆಯ ಬಗ್ಗೆ ವೇದಿಕೆಯಲ್ಲಿ ಎಷ್ಟೋ ಮಾತಾಡ್ತೀವಿ. ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾನೂ ಹೆಮ್ಮೆಯಿಂದ ಪೋಸ್ಟ್ ಹಾಕಿದ್ದೆ. ಆದ್ರೆ ಚಿಕ್ಕಪ್ಪ ಬದುಕಿದ್ದಾಗ ಒಂದು ಸಲಾನೂ ತಮಟೆ ಕಾಸಿ ಕೊಡಲಿಲ್ಲ.

ಇದನ್ನ ಬರೀಬೇಕಾ ಬೇಡವಾ ಅಂತ ಮೂರು ದಿನ ಯೋಚಿಸಿದೆ. ಬರೀಲೇಬೇಕು ಅನ್ನಿಸಿತು. ಇನ್ನೊಬ್ಬರು ನಮ್ಮ ಸದ್ದನ್ನ ಗಲಾಟೆ ಅಂದ್ರೆ ಸಿಟ್ಟು ಬರುತ್ತೆ. ನಾವೇ ಅಂದ್ಕೊಂಡದ್ದನ್ನೂ ಹೇಳಬೇಕು.

ಈಗ ಕೆಲಸ ನಡೀತಿದೆ. ಡೆಕ್ಕಿನ ಒಂದು ಔಟ್‌ಪುಟ್ಟನ್ನ ಎರಡಾಗಿ ಹಂಚಿ, ಒಂದನ್ನ ಇಂಟರ್‌ಫೇಸಿಗೆ, ಒಂದನ್ನ ಡಬ್ಬಿಗೆ ಕೊಟ್ಟಿದ್ದೀವಿ. ರೆಕಾರ್ಡ್ ಆಗುವಾಗ ಮೋನೊ ಮುಟ್ಟಲ್ಲ. ಆದ ಮೇಲೆ ಕ್ಯಾಸೆಟ್ಟನ್ನೂ ಫೈಲನ್ನೂ ಒಟ್ಟಿಗೆ ಓಡಿಸಿ, ತಿರುಗಣೆ ಆ ಕಡೆ ಈ ಕಡೆ ತಿರುಗಿಸಿ ಕೇಳ್ತೀವಿ. ಇಲ್ಲೊಂದು ಎಚ್ಚರ: ಎರಡರ ಜೋರು ಸಮ ಇರಬೇಕು. ಸ್ವಲ್ಪ ಜೋರಾಗಿರೋದೇ ಕಿವಿಗೆ ಒಳ್ಳೇದು ಅನ್ನಿಸಿಬಿಡುತ್ತೆ. ಸಭೆಗಳಲ್ಲಿ ಓಡಾಡಿದೋರಿಗೆ ಇದನ್ನ ವಿವರಿಸಬೇಕಿಲ್ಲ. ಮೂಲಕ್ಕೂ ನಕಲಿಗೂ ವ್ಯತ್ಯಾಸ ಗೊತ್ತಾಗಬಾರದು, ಗೊತ್ತಾದ್ರೆ ಮತ್ತೆ ಮಾಡ್ತೀವಿ. ಫೈಲು ವೇವ್‌ನಲ್ಲಿ, 24 ಬಿಟ್. ವಾಟ್ಸಾಪಿಗೆ ಮಾತ್ರ ಎಂಪಿ3. ಮೂಲ ಫೈಲಿನಿಂದ ಏನನ್ನೂ ತೆಗೆಯಲ್ಲ, ನಾಯಿ ಬೊಗಳಿದ್ದೂ ಸೇರಿ. 23ರಲ್ಲಿ 9 ಮುಗಿದಿವೆ. ಎರಡರಲ್ಲಿ ಟೇಪಿಗೆ ಬೂಸ್ಟು ಹಿಡಿದಿದೆ, ಉಳಿಯುತ್ತೋ ಇಲ್ಲವೋ.

1955ರಲ್ಲಿ ಬಿಬಿಸಿಯವರು ಬಾಬಾಸಾಹೇಬರ ಸಂದರ್ಶನ ಮಾಡಿದ್ರಲ್ಲ, ಅದನ್ನ ಭವನದಲ್ಲಿ ಮಕ್ಕಳಿಗೆ ಕೇಳಿಸಿದಾಗ ಒಂದು ಮಗು "ಅವರು ಹೀಗೆ ಮಾತಾಡ್ತಿದ್ರಾ!" ಅಂತ ಬಾಯಿ ಬಿಟ್ಕೊಂಡಿತ್ತು. ಪುಸ್ತಕದಲ್ಲಿ ಸಿಗದ್ದು ದನಿಯಲ್ಲಿ ಸಿಗುತ್ತೆ. ಆ ದನಿ ನಮಗೆ ಸಿಕ್ಕಿದ್ದು ಯಾರೋ ಟೇಪು ಜೋಪಾನ ಮಾಡಿದ್ದಕ್ಕೆ. 1920ರಲ್ಲಿ ತಮ್ಮ ಪತ್ರಿಕೆಗೆ 'ಮೂಕನಾಯಕ' ಅಂತ ಹೆಸರಿಟ್ಟ ಮನುಷ್ಯ ಅವರು. ನಮ್ಮ ಕೇರಿಗಳಲ್ಲಿ ಹಾಡಿದೋರ, ಭಾಷಣ ಮಾಡಿದೋರ ದನಿಗಳು ಇನ್ನೂ ಟ್ರಂಕುಗಳಲ್ಲೇ ಇವೆ.

ಅದಕ್ಕೇ ಒಂದು ಕೋರಿಕೆ. ಮನೆಯಲ್ಲಿ ಹಳೇ ಕ್ಯಾಸೆಟ್ಟು ಇದ್ರೆ ಎಸೀಬೇಡಿ, ಸಿಕ್ಕ ಪ್ಲೇಯರಿಗೆ ಹಾಕಿ ನೋಡಲೂ ಬೇಡಿ, ಟೇಪು ಸಿಕ್ಕಿಹಾಕ್ಕೊಂಡೀತು. ಬೆನ್ನಿನ ಎರಡು ತುದಿಯಲ್ಲಿರೋ ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನ ಮುರೀರಿ, ಆಗ ಮೇಲೆ ಯಾರೂ ಅಕಸ್ಮಾತ್ ರೆಕಾರ್ಡ್ ಮಾಡೋಕಾಗಲ್ಲ. ತೇವ ಇಲ್ಲದ ಜಾಗದಲ್ಲಿ, ಸ್ಪೀಕರು ಮ್ಯಾಗ್ನೆಟ್ಟಿಂದ ದೂರ, ನಿಲ್ಲಿಸಿ ಇಡಿ. ಚೀಟಿ ಮೇಲೆ ಸಿನಿಮಾ ಹೆಸರಿದ್ರೂ ಒಳಗೆ ನಿಮ್ಮ ತಾತ ಇರಬಹುದು. ಭವನಕ್ಕೆ ತನ್ನಿ. ನಿಮ್ಮ ಎದುರೇ ಕಾಪಿ ಮಾಡಿ ಕ್ಯಾಸೆಟ್ಟು ವಾಪಸ್ ಕೊಡ್ತೀವಿ. ದುಡ್ಡು ಬೇಡ.

ಡಬ್ಬಿ ಕಟ್ಟಬೇಕು ಅನ್ನೋ ಸಂಘಟನೆಯವರು ಹೇಳಿ. ನಮ್ಮ ಹುಡುಗಿ ವೈರಿಂಗ್ ನಕ್ಷೆಯನ್ನ ಕನ್ನಡದಲ್ಲೇ ಬರೆದಿಟ್ಟಿದ್ದಾಳೆ, ಬಂದು ಕಲಿಸ್ತಾಳೆ. ಬಸ್ ಚಾರ್ಜ್ ಕೊಟ್ಟು, ಐರನ್ ಅವಳ ಕೈಗೇ ಕೊಡಿ.

ನೆನಪಿನ ಸಭೆ ಮುಂದಿನ ಭಾನುವಾರ ಸಂಜೆ, ನಮ್ಮ ಕೇರಿಯಲ್ಲಿ. ಮೊದಲು ಕ್ಯಾಸೆಟ್ಟು, ಆಮೇಲೆ ಹುಡುಗರ ತಮಟೆ. ಹುಲ್ಲು ತಂದು ಇಟ್ಟಿದ್ದೀನಿ. ಈ ಸಲ ಕಾಸೋದು ನಾನು.

ಜೈ ಭೀಮ್.